ಒಂದನೇ ತರಗತಿಗೆ ಮಗುವನ್ನು ಸಜ್ಜುಗೊಳಿಸುವುದು ಹೇಗೆ: ಯುಗಾದಿಯಿಂದ ಆಷಾಢದವರೆಗೆ

ಶಾಲೆ ತೆರೆಯಲು ಇನ್ನೆರಡು ತಿಂಗಳಿದೆ ಎನ್ನುವಾಗ ಬಹಳಷ್ಟು ಮನೆಗಳಲ್ಲಿ ಮಗುವನ್ನು ಕೂರಿಸಿಕೊಂಡು ಅ, ಆ, ಇ, ಈ ತಿದ್ದಿಸುವ ಕಾರ್ಯಕ್ರಮ ಶುರುವಾಗುತ್ತದೆ. ಜೊತೆಗೆ ನೂರರವರೆಗೆ ಬಾಯಿಪಾಠ, ವಾರಗಳ ಹೆಸರು, ಎಬಿಸಿಡಿ. ಒಂದನೇ ತರಗತಿಗೆ ಪಾಠ ಮಾಡಿದ ಯಾವ ಶಿಕ್ಷಕಿಯನ್ನಾದರೂ ಕೇಳಿ, ಜೂನ್ ತಿಂಗಳಲ್ಲಿ ಮಕ್ಕಳು ಯಾವುದಕ್ಕೆ ಅಳುತ್ತಾರೆಂದು ಹೇಳುತ್ತಾರೆ. ಚಡ್ಡಿಯ ಹುಕ್ಕು ಬಿಚ್ಚಲು ಬಾರದೆ ಅಳುತ್ತಾರೆ. ಡಬ್ಬಿಯ ಮುಚ್ಚಳ ಬಾರದೆ ಅಳುತ್ತಾರೆ. ‘ಒಂದಕ್ಕೆ ಹೋಗಬೇಕು’ ಎಂದು ಕೇಳಲು ಬಾಯಿ ಬಾರದೆ, ಕೊನೆಗೆ ಚಾಪೆ ಒದ್ದೆಯಾದ ಮೇಲೆ ಅಳುತ್ತಾರೆ. ಅಕ್ಷರ ಬರಲಿಲ್ಲವೆಂದು ಅತ್ತ ಮಗು ಅಪರೂಪ. ಅಕ್ಷರ ಕಲಿಸುವುದಕ್ಕೆ ಶಾಲೆಯಲ್ಲಿ ತರಬೇತಿ ಪಡೆದವರು ಇದ್ದಾರೆ. ಹುಕ್ಕು, ಮುಚ್ಚಳ, ಕೇಳುವ ಧೈರ್ಯ ಮನೆಯಿಂದಲೇ ಹೋಗಬೇಕು. ಈ ಬರಹದ ಹೆಚ್ಚಿನ ಭಾಗ ಆ ಮೂರರ ಬಗ್ಗೆಯೇ ಇದೆ.

ಯುಗಾದಿಯ ಹೊತ್ತಿಗೆ: ಕಾಗದಪತ್ರ

ಮೊದಲು ವಯಸ್ಸು. ರಾಜ್ಯ ಸರ್ಕಾರದ 2022ರ ಆದೇಶದಂತೆ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಪೋಷಕರ ಒತ್ತಾಯ ಹೆಚ್ಚಾದಾಗ 2025-26ನೇ ಸಾಲಿಗೆ ಇದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಗಿತ್ತು. ಬೇಸಿಗೆ ಬಂದರೆ ಸಡಿಲಿಕೆಯ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಅದನ್ನು ನಂಬಿ ಕೂರದೆ ಮುಖ್ಯೋಪಾಧ್ಯಾಯರನ್ನೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನೋ ವಿಚಾರಿಸಿ. ‘ಒಂದು ವರ್ಷ ಹಾಳಾಗುತ್ತದೆ’ ಎಂದು ಪೇಚಾಡುವವರಿಗೆ ನನ್ನ ಮಾತು ಇಷ್ಟೇ: ಐದೂವರೆಯ ಕೈಗೂ ಆರೂವರೆಯ ಕೈಗೂ ಪೆನ್ಸಿಲ್ ಹಿಡಿಯುವ ಬಲದಲ್ಲಿ ಇರುವ ವ್ಯತ್ಯಾಸವನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ, ಆಮೇಲೆ ಅವಸರಪಡಿ.

ಎರಡನೆಯದು ಹೆಸರು. ದಾಖಲಾತಿ ಪುಸ್ತಕದಲ್ಲಿ ಈಗ ಬರೆಸುವ ಹೆಸರು, ಇನಿಷಿಯಲ್ ಮತ್ತು ಹುಟ್ಟಿದ ದಿನವೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ಹೋಗುತ್ತವೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮನೆಯಲ್ಲಿ ಅಜ್ಜಿ ಕರೆಯುವುದು ಮತ್ತೊಂದು ಎಂಬ ಸ್ಥಿತಿ ಇದ್ದರೆ ದಾಖಲಾತಿಗೆ ಮೊದಲೇ ಸರಿಪಡಿಸಿಕೊಳ್ಳಿ. ಕನ್ನಡದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಯಾವ ಕಾಗುಣಿತ, ಇನಿಷಿಯಲ್ ಮುಂದೋ ಹಿಂದೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡುವುದು ಒಳ್ಳೆಯದು. ಬಾಯಲ್ಲಿ ಹೇಳಿ ಬರೆಸಿದ ಹೆಸರಿನಲ್ಲಿ ‘ಶ’ ‘ಷ’ ಆಗುವುದು, ‘ಸ’ ‘ಶ’ ಆಗುವುದು ದಿನನಿತ್ಯದ ಕಥೆ. ಆಮೇಲೆ ತಿದ್ದಿಸಲು ಕಚೇರಿ ಅಲೆಯಬೇಕು.

ಐದು ವರ್ಷ ತುಂಬಿದ ಮೇಲೆ ಮಗುವಿನ ಆಧಾರ್‌ಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸಬೇಕು. ಈ ಕೆಲಸವನ್ನು ಏಪ್ರಿಲ್‌ನಲ್ಲಿ ಮುಗಿಸಿದರೆ ಜೂನ್‌ನ ಸಾಲು ತಪ್ಪುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಬೇಕಿದ್ದರೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಐದರಿಂದ ಆರು ವರ್ಷದೊಳಗೆ ಕೊಡಿಸಬೇಕಾದ ಡಿಪಿಟಿ ಬೂಸ್ಟರ್ ಲಸಿಕೆಯನ್ನು ಬಹಳ ಮಂದಿ ಮರೆಯುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಖಾಸಗಿ ಶಾಲೆಗೆ ಸೇರಿಸುವವರು ‘ಸಂದರ್ಶನ’ಕ್ಕಾಗಿ ಮಗುವಿಗೆ ಉತ್ತರ ಉರು ಹೊಡೆಸಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸುತ್ತದೆ.

ಇದೇ ಹೊತ್ತಿನಲ್ಲಿ ಕಣ್ಣು, ಕಿವಿಯನ್ನೂ ಒಮ್ಮೆ ಗಮನಿಸಿ. ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುವುದಿಲ್ಲ, ಟಿವಿಯ ಮುಂದಕ್ಕೇ ಹೋಗಿ ನಿಲ್ಲುತ್ತದೆ, ಐದು ವರ್ಷವಾದರೂ ಪೂರ್ತಿ ವಾಕ್ಯ ಆಡುವುದಿಲ್ಲ ಎಂದಾದರೆ ‘ಅವರ ಅಪ್ಪನೂ ಹೀಗೆಯೇ ಇದ್ದ’ ಎಂದು ತಳ್ಳಿಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಂಗನವಾಡಿ ಮತ್ತು ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅವರು ಬರುವ ದಿನ ಮಗುವನ್ನು ತಪ್ಪಿಸಬೇಡಿ.

ಏಪ್ರಿಲ್: ಶೌಚಾಲಯದ ಪಾಠ

ಯಾರೂ ಹೇಳಿಕೊಡದ, ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಮನೆಯಲ್ಲಿ ಕಮೋಡ್ ಬಿಟ್ಟು ಬೇರೆ ನೋಡದ ಮಗು ಶಾಲೆಯ ಕುಕ್ಕರಗಾಲಿನ ಶೌಚಾಲಯದ ಮುಂದೆ ದಿಕ್ಕುತೋಚದೆ ನಿಲ್ಲುತ್ತದೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ತೊಳೆದು ಅಭ್ಯಾಸವಾದ ಮಗುವಿಗೆ ಅಲ್ಲಿ ತೊಳೆಯುವವರು ಯಾರೂ ಇಲ್ಲ. ಪರಿಣಾಮವಾಗಿ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುತ್ತದೆ. ತಡೆದುಕೊಳ್ಳಲು ಸುಲಭವಾಗಲೆಂದು ನೀರು ಕುಡಿಯುವುದನ್ನೇ ಬಿಡುತ್ತದೆ. ಕೆಲವು ವಾರಗಳಲ್ಲಿ ಉರಿಮೂತ್ರ, ಮಲಬದ್ಧತೆ, ಹೊಟ್ಟೆನೋವು. ಬೆಳಿಗ್ಗೆ ಹೊಟ್ಟೆನೋವು ಎಂದಾಗ ಮನೆಯವರು ಅದನ್ನು ಶಾಲೆ ತಪ್ಪಿಸುವ ನೆಪ ಎಂದುಕೊಳ್ಳುತ್ತಾರೆ.

ಕಲಿಸುವ ಕ್ರಮ ಹೀಗಿರಲಿ. ಮೊದಲ ವಾರ, ಬಟ್ಟೆ. ಚಡ್ಡಿಯನ್ನು ಎರಡೂ ಕೈಯಿಂದ ಮಂಡಿಯವರೆಗೆ ಇಳಿಸುವುದು, ಪೂರ್ತಿ ಬಿಚ್ಚದೆ ಕೂರುವುದು, ಎದ್ದು ಮತ್ತೆ ಸೊಂಟಕ್ಕೆ ಏರಿಸುವುದು. ಹೆಣ್ಣುಮಕ್ಕಳಿಗೆ ಲಂಗವನ್ನು ಮುಂದಕ್ಕೆ ಎಳೆದು ತೋಳಿನಡಿ ಸಿಕ್ಕಿಸಿಕೊಳ್ಳುವುದನ್ನು ತೋರಿಸಿ. ಹಿಂಬದಿ ಒದ್ದೆಯಾಗುವುದು ಅದರಿಂದ ತಪ್ಪುತ್ತದೆ. ಎರಡನೇ ವಾರ, ಕುಕ್ಕರಗಾಲಿನಲ್ಲಿ ಕೂರುವುದು. ಕಮೋಡ್ ಇರುವ ಮನೆಯವರು ಬಚ್ಚಲಲ್ಲಿ ಎರಡು ಇಟ್ಟಿಗೆ ಅಥವಾ ಗುರುತು ಇಟ್ಟು ಪಾದ ಎಲ್ಲಿರಬೇಕೆಂದು ಅಭ್ಯಾಸ ಮಾಡಿಸಬಹುದು. ಆಮೇಲೆ ನೀರು. ತುಂಬಿದ ಮಗ್ ಒಂದು ಕೈಯಲ್ಲಿ ಎತ್ತಲು ಮಗುವಿಗೆ ಆಗುವುದಿಲ್ಲ, ಅರ್ಧ ಮಗ್ ತುಂಬುವುದನ್ನು ಕಲಿಸಿ. ಬಲಗೈಯಲ್ಲಿ ಸುರಿದು ಎಡಗೈಯಲ್ಲಿ ತೊಳೆಯುವುದು ನಮಗೆ ಸಹಜ. ಮಗುವಿಗೆ ಅದು ಎರಡು ಕೈ ಎರಡು ಕೆಲಸ ಮಾಡಬೇಕಾದ ಕಸರತ್ತು. ತಾಳ್ಮೆಯಿಂದ, ಮೂಗು ಮುಚ್ಚಿಕೊಳ್ಳದೆ, ಛೀ ಎನ್ನದೆ ಹೇಳಿಕೊಡಿ. ಕೊನೆಗೆ ನೀರು ಹಾಕಿ, ಸೋಪಿನಿಂದ ಕೈ ತೊಳೆಯುವುದು.

ಇಷ್ಟು ಬಂದ ಮೇಲೆ ಹೊರಗಿನ ಶೌಚಾಲಯದಲ್ಲಿ ಒಂದೆರಡು ಸಲ ಪರೀಕ್ಷೆಯಾಗಲಿ. ನೆಂಟರ ಮನೆ, ಕಲ್ಯಾಣ ಮಂಟಪ, ಬೇಸಿಗೆಯ ಜಾತ್ರೆ, ಎಲ್ಲಾದರೂ ಆದೀತು. ಚಿಲಕದ ಬಗ್ಗೆ ಒಂದು ಮಾತು: ಒಳಗಿನಿಂದ ಹಾಕಲು ಬಂದು ತೆಗೆಯಲು ಬಾರದ ಮಕ್ಕಳು ಸಿಕ್ಕಿಹಾಕಿಕೊಂಡು ಗಾಬರಿಯಾಗುತ್ತಾರೆ. ಎರಡೂ ಬರುವವರೆಗೆ ‘ಬಾಗಿಲು ಮುಂದೆ ಮಾಡಿಕೋ, ಚಿಲಕ ಹಾಕಬೇಡ’ ಎಂದೇ ಹೇಳಿ.

ಏಪ್ರಿಲ್‌ನಿಂದ ಮೇ: ಊಟ, ಗುಂಡಿ, ಬೆರಳು

ಟಿವಿ ಮುಂದೆ ಕೂತು, ಯಾರೋ ತುತ್ತಿಡುತ್ತಿದ್ದರೆ ಮುಕ್ಕಾಲು ಗಂಟೆ ಉಣ್ಣುವ ಮಗು ಶಾಲೆಯಲ್ಲಿ ಉಪವಾಸ ಬೀಳುತ್ತದೆ. ಸರ್ಕಾರಿ ಶಾಲೆಯಾದರೆ ಬಿಸಿಯೂಟ ಇದೆ. ಅಲ್ಲಿ ಸಾಲಿನಲ್ಲಿ ನಿಂತು ಬಿಸಿ ಸಾರು ಚೆಲ್ಲದಂತೆ ತಟ್ಟೆ ಹಿಡಿದು ಬರಬೇಕು, ನೆಲದ ಮೇಲೆ ಕೂತು ತಾನೇ ಕಲಸಿ ಉಣ್ಣಬೇಕು, ತಟ್ಟೆ ತೊಳೆದಿಡಬೇಕು. ಮನೆಯಲ್ಲಿ ಸ್ಟೀಲ್ ತಟ್ಟೆಗೆ ಅನ್ನ ಸಾರು ಹಾಕಿಕೊಟ್ಟು ಅಡುಗೆಮನೆಯಿಂದ ಜಗಲಿಯವರೆಗೆ ನಡೆಸಿ ನೋಡಿ. ಮೊದಲ ದಿನ ಚೆಲ್ಲುತ್ತದೆ, ಚೆಲ್ಲಲಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕೂಡ ಶಾಲೆಯಲ್ಲಿ ಸಿಗುತ್ತದೆ. ಹಾಲಿನ ಪುಡಿಯಿಂದ ಕಾಯಿಸಿದ ಹಾಲಿನ ರುಚಿ ಬೇರೆ, ಲೋಟದಲ್ಲಿ ಕುಡಿಯಬೇಕು. ಇನ್ನೂ ಬಾಟಲಿಯಲ್ಲೋ ಸಿಪ್ಪರ್‌ನಲ್ಲೋ ಹಾಲು ಕುಡಿಯುವ ಮಗುವಿಗೆ ಲೋಟದ ಅಭ್ಯಾಸ ಈಗಲೇ ಮಾಡಿಸಿ. ಶಾಲೆಯಲ್ಲಿ ಕೊಡುವ ಮೊಟ್ಟೆ ತಿನ್ನದ ಮನೆಯಾದರೆ ಬದಲಿಗೆ ಬಾಳೆಹಣ್ಣು ಕೊಡಿ ಎಂದು ದಾಖಲಾತಿಯ ದಿನವೇ ಶಿಕ್ಷಕರಿಗೆ ತಿಳಿಸಿ. ಆ ನಿರ್ಧಾರದ ಹೊರೆ ಮಗುವಿನ ಮೇಲೆ ಬೀಳಬಾರದು.

ಡಬ್ಬಿ ಕಳಿಸುವವರು ಅಂಗಡಿಯಲ್ಲಿಯೇ ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು ತೆಗೆಸಿ ನೋಡಿ, ಆಮೇಲೆ ಕೊಳ್ಳಿ. ನಾಲ್ಕು ಕಡೆ ಬಿಗಿ ಕ್ಲಿಪ್ಪಿನ ಪ್ಲಾಸ್ಟಿಕ್ ಡಬ್ಬಿ ನೋಡಲು ಚೆಂದ, ಮಗುವಿನ ಉಗುರಿಗೆ ಶತ್ರು. ಮೇ ತಿಂಗಳಲ್ಲಿ ವಾರಕ್ಕೆರಡು ಮಧ್ಯಾಹ್ನ ಅದೇ ಡಬ್ಬಿಯಲ್ಲಿ ಚಿತ್ರಾನ್ನವನ್ನೋ ಇಡ್ಲಿಯನ್ನೋ ಹಾಕಿ, ಮುಚ್ಚಿ, ಚೀಲದಲ್ಲಿಟ್ಟು ಕೊಡಿ. ಮಗು ಜಗಲಿಯಲ್ಲೋ ಮಹಡಿಯಲ್ಲೋ ಕೂತು, ತಾನೇ ತೆಗೆದು, ಇಪ್ಪತ್ತು ನಿಮಿಷದಲ್ಲಿ ತಿಂದು, ಮುಚ್ಚಿ ಹಿಂದೆ ತರಲಿ. ಉಳಿಸಿ ತಂದದ್ದಕ್ಕೆ ಬೈಯಬೇಡಿ. ಎಷ್ಟು ಹಾಕಬೇಕೆಂದು ನಿಮಗೆ ಲೆಕ್ಕ ಸಿಗುತ್ತದೆ.

ಬಟ್ಟೆ, ಶೂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲಾಸ್ಟಿಕ್ ಚಡ್ಡಿ, ದೊಡ್ಡ ಗುಂಡಿ, ಲೇಸಿಲ್ಲದ ಶೂ ಸಿಕ್ಕರೆ ಅದೇ ಸಾಕು. ಸಮವಸ್ತ್ರದ ಹುಕ್ಕು ಮಗುವಿಗೆ ಬಗ್ಗದಿದ್ದರೆ ದರ್ಜಿಯ ಬಳಿ ಹೋಗಿ ಎಲಾಸ್ಟಿಕ್ ಹಾಕಿಸಿ.

ಬೆರಳಿಗೆ ಬಲ ಬರಬೇಕಾದರೆ ಕಾಪಿ ಪುಸ್ತಕಕ್ಕಿಂತ ನಮ್ಮ ಬೇಸಿಗೆಯ ಮನೆಗೆಲಸಗಳೇ ಮೇಲು. ಹುಣಸೆಹಣ್ಣಿನ ಬೀಜ ಬಿಡಿಸುವುದು, ಸಂಡಿಗೆ ಹಿಟ್ಟನ್ನು ಚಿವುಟಿ ಇಡುವುದು, ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ಕಡಲೆಕಾಯಿ ಸುಲಿಯುವುದು, ಹೂವಿನ ತೊಟ್ಟು ಜೋಡಿಸಿ ಅಮ್ಮನ ಕೈಗೆ ಕೊಡುವುದು. ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ಚಿವುಟುವ ಈ ಹಿಡಿತವೇ ನಾಳೆ ಬಳಪ, ಪೆನ್ಸಿಲ್ ಹಿಡಿಯುವ ಹಿಡಿತ. ಬಿಡಿಸಿದ ಹುಣಸೆಬೀಜ ಎಸೆಯದೆ ಅಳಗುಳಿಮಣೆಗೆ ಇಟ್ಟುಕೊಳ್ಳಿ. ಗುಳಿಗೊಂದರಂತೆ ಬೀಜ ಬಿಡುತ್ತಾ ಹೋಗುವ ಮಗು ಎಣಿಕೆಯನ್ನು ಬಾಯಿಪಾಠದಿಂದ ಕೈಗೆ ಇಳಿಸಿಕೊಳ್ಳುತ್ತದೆ. ‘ನೂರು ಹೇಳುತ್ತಾನೆ’ ಎಂದು ಹೆಮ್ಮೆಪಡುವ ಮನೆಗಳ ಅನೇಕ ಮಕ್ಕಳು ‘ಏಳು ಬೀಜ ಕೊಡು’ ಎಂದರೆ ಮುಷ್ಟಿ ತುಂಬ ಕೊಡುತ್ತಾರೆ.

ಮೇ: ಬಾಯಿಗೆ ಬರಬೇಕಾದ ಮಾತು

ಇವಿಷ್ಟು ವಾಕ್ಯಗಳನ್ನು ಮಗು ಅಪರಿಚಿತರ ಎದುರು ಗಟ್ಟಿಯಾಗಿ ಹೇಳುವಂತಾಗಬೇಕು: ಒಂದಕ್ಕೆ ಹೋಗಬೇಕು. ಎರಡಕ್ಕೆ ಹೋಗಬೇಕು. ನೀರು ಬೇಕು. ಹೊಟ್ಟೆ ನೋಯುತ್ತಿದೆ. ಇದು ತೆಗೆಯಲು ಆಗುತ್ತಿಲ್ಲ, ತೆಗೆದುಕೊಡಿ. ಅವನು ಹೊಡೆದ. ನನಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಮಗುವಿನ ಮುಖ ನೋಡಿಯೇ ಎಲ್ಲ ಅರ್ಥ ಮಾಡಿಕೊಳ್ಳುವವರಿದ್ದಾರೆ. ಪ್ರೀತಿಯ ಈ ಗುಣವೇ ಇಲ್ಲಿ ಅಡ್ಡಿ. ಬೇಸಿಗೆಯಲ್ಲಿ ಸ್ವಲ್ಪ ಮಂದಬುದ್ಧಿಯವರಂತೆ ನಟಿಸಿ: ನೀರಿನ ಲೋಟದ ಕಡೆ ಬೆರಳು ತೋರಿಸಿದರೆ ‘ಏನು ಬೇಕು?’ ಎಂದು ಕೇಳಿ ಕಾಯಿರಿ. ಅಂಗಡಿಯಲ್ಲಿ ನೀವು ಪಕ್ಕದಲ್ಲಿ ನಿಂತು ಅರ್ಧ ಲೀಟರ್ ಹಾಲು ಅವಳೇ ಕೇಳಲಿ. ಅತ್ತೆಯ ಮನೆಯಲ್ಲಿ ‘ಅತ್ತೆ, ಬಚ್ಚಲು ಎಲ್ಲಿದೆ?’ ಎಂದು ಅವನೇ ವಿಚಾರಿಸಲಿ.

ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ, ಬ್ಯಾರಿ, ತೆಲುಗು ಯಾವುದೇ ಇರಲಿ, ಶಾಲೆಗಾಗಿ ಮನೆಮಾತು ಬಿಡಬೇಕಾಗಿಲ್ಲ. ಮೇಲಿನ ಏಳು ವಾಕ್ಯ ಶಾಲೆಯ ಭಾಷೆಯಲ್ಲಿ ಬಂದರೆ ಮೊದಲ ತಿಂಗಳು ದಾಟುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೂ ಇದೇ ಮಾತು. ಇದರ ಜೊತೆಗೆ ಮೂತ್ರಕ್ಕೆ, ಮಲಕ್ಕೆ ನಿಮ್ಮ ಮನೆಯಲ್ಲಿ ಬಳಸುವ ಪದ ಯಾವುದೆಂದು ಶಿಕ್ಷಕಿಯ ಕಿವಿಗೆ ಹಾಕಿಡಿ. ಗಾಬರಿಯಾದಾಗ ಮಗುವಿನ ಬಾಯಿಂದ ಬರುವುದು ಮನೆಯ ಪದವೇ.

ತನ್ನ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಊರು ಅಥವಾ ಬಡಾವಣೆ, ಒಂದು ಮೊಬೈಲ್ ಸಂಖ್ಯೆ ಬಾಯಿಗೆ ಬರಲಿ. ಹತ್ತು ಅಂಕಿಯನ್ನು ಮೂರು, ಮೂರು, ನಾಲ್ಕಾಗಿ ಒಡೆದು ಚಪ್ಪಾಳೆ ತಟ್ಟುತ್ತಾ ಹೇಳಿಸಿದರೆ ನಿಲ್ಲುತ್ತದೆ. ದೇಹದ ಯಾವ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗಿ ಬಂದು ಹೇಳಬೇಕು, ಹೇಳಿದ್ದಕ್ಕೆ ಮನೆಯಲ್ಲಿ ಬೈಗುಳವಿಲ್ಲ ಎಂಬುದನ್ನು ಸ್ನಾನ ಮಾಡಿಸುವಾಗ ಸಾಮಾನ್ಯ ಮಾತಿನಂತೆಯೇ ತಿಳಿಸಿ. ಮಕ್ಕಳ ಸಹಾಯವಾಣಿ 1098 ದೊಡ್ಡವರಿಗೂ ನೆನಪಿರಲಿ.

ಅಕ್ಷರದ ಚಿಂತೆ

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ‘ನಲಿ-ಕಲಿ’ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದಾದ್ಯಂತ ಹರಡಿತು. ಇದರಲ್ಲಿ ಅಕ್ಷರ ಕಲಿಕೆ ಶುರುವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ದುಂಡು ಆಕಾರಗಳಿವು. ಇವಿಷ್ಟೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು, ಕಾಗುಣಿತದ ಹಂಗಿಲ್ಲ. ಆಮೇಲೆ ಜ, ವ, ಮ, ಬ, ನ. ಈ ಕ್ರಮ ತಿಳಿಯದ ಪೋಷಕರು ಜುಲೈನಲ್ಲಿ ‘ನಮ್ಮ ಮಗುವಿಗೆ ಇನ್ನೂ ಆ ಕಲಿಸಿಲ್ಲ’ ಎಂದು ದೂರು ತರುವುದುಂಟು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುವುದು, ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟ) ನೋಡಿ ಕಾರ್ಡು ಎತ್ತಿಕೊಳ್ಳುವುದು, ನೆತ್ತಿಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ತಾವು ಮಾಡಿದ್ದನ್ನು ತೂಗುಹಾಕುವುದು ಎಲ್ಲವೂ ಪದ್ಧತಿಯ ಭಾಗ. ಗಲಾಟೆಯಂತೆ ಕಂಡರೂ ಅಲ್ಲಿ ಪಾಠ ನಡೆಯುತ್ತಿರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ದಿನಕ್ಕೊಂದು ಕಥೆ ಹೇಳಿ, ಅರ್ಧಕ್ಕೆ ನಿಲ್ಲಿಸಿ ‘ಆಮೇಲೆ ಏನಾಯಿತು?’ ಎಂದು ಕೇಳಿ. ಒಗಟು ಹಾಕಿ. ಚಿತ್ರದ ಪುಸ್ತಕ ಒಟ್ಟಿಗೆ ನೋಡಿ. ಸ್ಲೇಟು, ಬಳಪ ಕೊಟ್ಟು ಗೀಚಲು ಬಿಡಿ; ರಂಗೋಲಿ ಚುಕ್ಕಿ ಸೇರಿಸಲಿ. ಅವನೇ ಆಸೆಪಟ್ಟು ತನ್ನ ಹೆಸರು ಬರೆಯಬೇಕೆಂದರೆ ಖಂಡಿತ ತೋರಿಸಿಕೊಡಿ. ಶೃಂಗೇರಿಯಲ್ಲೋ ಊರ ಗುಡಿಯಲ್ಲೋ ಅಕ್ಷರಾಭ್ಯಾಸ ಮಾಡಿಸಿದ ಮರುದಿನದಿಂದಲೇ ಬೆತ್ತ ಹಿಡಿದು ಕೂರುವುದು ಮಾತ್ರ ಬೇಡ.

ಮೇ ಕೊನೆಯ ವಾರಗಳು

ನಿದ್ದೆಯನ್ನು ಈಗ ಸರಿಪಡಿಸಬೇಕು. ಈ ವಯಸ್ಸಿನ ಮಗುವಿಗೆ ಸುಮಾರು ಹತ್ತು ಗಂಟೆ ನಿದ್ದೆ ಬೇಕು. ಏಳೂವರೆಗೆ ಶಾಲೆಯ ವ್ಯಾನು ಬರುವುದಾದರೆ ಆರಕ್ಕೆ ಏಳಬೇಕು, ಅಂದರೆ ರಾತ್ರಿ ಎಂಟಕ್ಕೆ ಹಾಸಿಗೆ. ಮನೆಯವರ ಧಾರಾವಾಹಿಯ ಹೊತ್ತು ಬದಲಾಗದೆ ಇದು ಸಾಧ್ಯವಿಲ್ಲ! ರಜೆಯಲ್ಲಿ ಹತ್ತೂವರೆಗೆ ಮಲಗುವ ಮಗುವನ್ನು ಎರಡು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ.

ಬ್ಯಾಗು ಸಣ್ಣದಿರಲಿ. ಒಂದು, ಎರಡನೇ ತರಗತಿಯ ಬ್ಯಾಗು ಒಂದೂವರೆಯಿಂದ ಎರಡು ಕಿಲೋ ಮೀರಬಾರದೆಂದು 2019ರಲ್ಲೇ ರಾಜ್ಯ ಸರ್ಕಾರ ಆದೇಶಿಸಿದೆ. ಈ ಎರಡು ತರಗತಿಗೆ ಹೋಮ್‌ವರ್ಕ್ ಇಲ್ಲವೆಂದೂ ಅದರಲ್ಲಿದೆ. ಒಂದು ಲೀಟರ್ ನೀರೇ ಒಂದು ಕಿಲೋ ತೂಗುತ್ತದೆ, ಆದ್ದರಿಂದ ಅರ್ಧ ಲೀಟರ್ ಬಾಟಲಿ ಸಾಕು. ಮಲೆನಾಡು, ಕರಾವಳಿಯವರು ಶಾಲೆ ಮತ್ತು ಮುಂಗಾರು ಒಟ್ಟಿಗೇ ಬರುತ್ತವೆಂದು ನೆನಪಿಟ್ಟು, ಮಗುವೇ ಹಾಕಿಕೊಳ್ಳಬಲ್ಲ ರೇನ್‌ಕೋಟ್ ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣ ಚಡ್ಡಿ ಕಳಿಸಿ. ಆಟೊ, ವ್ಯಾನು ಗೊತ್ತುಮಾಡುವವರು ಬಾಡಿಗೆಗೆ ಮೊದಲು ಎಷ್ಟು ಮಕ್ಕಳನ್ನು ಕೂರಿಸುತ್ತಾರೆ, ಮಗುವನ್ನು ಕೈಹಿಡಿದು ಇಳಿಸುವವರು ಯಾರು ಎಂದು ಕೇಳಿ.

ಶಾಲೆಯನ್ನು ಒಮ್ಮೆ ಮುಂಚಿತವಾಗಿ ತೋರಿಸಿ. ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಚಪ್ಪಲಿ ಎಲ್ಲಿ ಬಿಡಬೇಕು, ಮರ ಯಾವುದು. ಊರ ಶಾಲೆಯ ಆವರಣದಲ್ಲೇ ಅಂಗನವಾಡಿ ಇದ್ದವರಿಗೆ ಇದು ಸಲೀಸು. ಮತ್ತೊಂದು ವಿಷಯ, ಇದು ಮನೆಯ ದೊಡ್ಡವರಿಗೆ: ‘ಇರು, ಶಾಲೆಗೆ ಸೇರಿಸುತ್ತೇನೆ, ಮೇಷ್ಟ್ರು ಸರಿಮಾಡುತ್ತಾರೆ’ ಎಂಬ ಬೆದರಿಕೆಯನ್ನು ಇವತ್ತಿನಿಂದಲೇ ನಿಲ್ಲಿಸಿ. ವರ್ಷವಿಡೀ ಗುಮ್ಮನ ಮನೆ ಎಂದು ಹೆದರಿಸಿದ ಜಾಗಕ್ಕೆ ಜೂನ್‌ನಲ್ಲಿ ನಗುತ್ತಾ ಹೋಗು ಎಂದರೆ ಯಾವ ಮಗು ಹೋದೀತು? ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ ಎಂಬುದನ್ನು ಅಜ್ಜನಿಗೂ ತಿಳಿಸಿ.

ಮೊದಲ ದಿನ

ಸರ್ಕಾರಿ ಶಾಲೆಗಳಲ್ಲಿ ಪ್ರಾರಂಭೋತ್ಸವ ನಡೆಯುತ್ತದೆ. ಮಾವಿನ ತೋರಣ, ಹೂವು, ಬಿಸಿಯೂಟಕ್ಕೆ ಸಿಹಿ. ಗದ್ದಲಕ್ಕೆ ಬೆದರುವ ಮಗುವಾದರೆ ಸ್ವಲ್ಪ ಮೊದಲೇ ಹೋಗಿ.

ಬೀಳ್ಕೊಡುವುದು ಚಿಕ್ಕದಾಗಿರಲಿ. ‘ನೀನು ಊಟ ಮಾಡಿ, ಆಟ ಆಡಿ, ಕೊನೆಯ ಗಂಟೆ ಹೊಡೆದಾಗ ಅಜ್ಜಿ ಗೇಟಿನ ಹತ್ತಿರ ನಿಂತಿರುತ್ತಾಳೆ’ ಎಂದು ಹೇಳಿ, ಟಾಟಾ ಮಾಡಿ, ಹೊರಡಿ. ‘ನಾಲ್ಕು ಗಂಟೆಗೆ ಬರುತ್ತೇನೆ’ ಎಂದರೆ ಗಡಿಯಾರ ತಿಳಿಯದ ಮಗುವಿಗೆ ಏನೂ ಹೇಳಿದಂತಾಗಲಿಲ್ಲ. ಕಣ್ಣುತಪ್ಪಿಸಿ ಓಡಿಬರುವ ಉಪಾಯವನ್ನು ಬಹಳ ಮಂದಿ ಹೇಳಿಕೊಡುತ್ತಾರೆ, ದಯವಿಟ್ಟು ಬೇಡ. ತಿರುಗಿ ನೋಡಿದಾಗ ಅಮ್ಮ ಮಾಯವಾಗಿದ್ದಳು ಎಂಬ ನೆನಪಿದ್ದರೆ ಮರುದಿನ ಮಗು ಸೆರಗು ಬಿಡುವುದೇ ಇಲ್ಲ. ಕಿಟಕಿಯಲ್ಲಿ ಇಣುಕುತ್ತಾ ನಿಲ್ಲುವುದೂ ಬೇಡ. ನಿಮ್ಮ ಮುಖ ಕಂಡಾಗಲೆಲ್ಲ ಅಳು ಹೊಸದಾಗಿ ಶುರುವಾಗುತ್ತದೆ. ಅಳು ಬರುವ ಅಜ್ಜಿಯನ್ನು ಬೆಳಿಗ್ಗೆ ಮನೆಯಲ್ಲೇ ಇರಲು ಹೇಳಿ, ಸಂಜೆ ಕರೆತರಲು ಕಳಿಸಿ. ಸಂಜೆ ಮಾತ್ರ ಗಂಟೆ ಹೊಡೆಯುವ ಮುಂಚೆಯೇ ಯಾರಾದರೂ ಗೇಟಿನಲ್ಲಿರಬೇಕು. ಆ ವಾರ ಐದು ನಿಮಿಷದ ತಡವೂ ಮಗುವಿಗೆ ದೊಡ್ಡದು.

ಆಷಾಢದವರೆಗೆ

ಮನೆಗೆ ಬಂದ ಕೂಡಲೇ ‘ಏನು ಕಲಿಸಿದರು?’ ಎಂದರೆ ‘ಏನೂ ಇಲ್ಲ’ ಎಂಬ ಉತ್ತರ ಖಾತ್ರಿ. ಮೊದಲು ತಿನ್ನಲು ಏನಾದರೂ ಕೊಡಿ. ಆಮೇಲೆ ‘ಸಾರಿನಲ್ಲಿ ಏನು ತರಕಾರಿ ಇತ್ತು?’, ‘ಪಕ್ಕದಲ್ಲಿ ಯಾರು ಕೂತಿದ್ದರು?’, ‘ಒಂದಕ್ಕೆ ಎಷ್ಟು ಸಲ ಹೋಗಿದ್ದೆ?’ ಎಂದು ಕೇಳಿ. ಬಾಟಲಿಯಲ್ಲಿ ಉಳಿದ ನೀರನ್ನೂ ನೋಡಿ. ಅದು ಬೆಳಿಗ್ಗೆ ತುಂಬಿದಷ್ಟೇ ಇದ್ದರೆ ಶೌಚಾಲಯದ ಪಾಠ ಇನ್ನೂ ಮುಗಿದಿಲ್ಲ.

ಮೊದಲ ವಾರ ಕುಣಿಯುತ್ತಾ ಹೋದ ಮಗು ಎರಡನೇ ವಾರ ಹಟ ಹಿಡಿಯುವುದು ಸಾಮಾನ್ಯ. ಹೊಸತು ಮುಗಿದಿದೆ, ಇದು ದಿನವೂ ಇರುತ್ತದೆ ಎಂದು ಆಗ ತಾನೇ ಗೊತ್ತಾಗಿರುತ್ತದೆ. ಕೆಲವರು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ, ಬೆರಳು ಚೀಪುತ್ತಾರೆ, ತಮ್ಮನನ್ನು ಹೊಡೆಯುತ್ತಾರೆ. ಗದರಿಸದಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮಳೆಗಾಲದ ನೆಗಡಿ ಜ್ವರಕ್ಕೆ ನಾಲ್ಕು ದಿನ ಮನೆಯಲ್ಲಿ ಉಳಿದರೆ ಅಳು ಮತ್ತೆ ಮೊದಲಿನಿಂದ ಶುರುವಾಗಬಹುದು, ಅದಕ್ಕೆ ಕಂಗಾಲಾಗಬೇಡಿ. ಆದರೆ ಒಂದು ದಿನ ಅತ್ತನೆಂದು ಮನೆಯಲ್ಲಿ ಉಳಿಸಿಕೊಂಡರೆ ಅಳು ಫಲಿಸುತ್ತದೆಂದು ಮಗು ಕಲಿಯುತ್ತದೆ.

ಆಷಾಢ ಬಂದರೂ ದಿನವೂ ವಾಂತಿ, ಹೊಟ್ಟೆನೋವು, ರಾತ್ರಿ ಬೆಚ್ಚುವುದು ನಡೆದೇ ಇದ್ದರೆ, ಅಥವಾ ಒಬ್ಬ ವ್ಯಕ್ತಿಯ, ಒಂದು ಜಾಗದ, ವ್ಯಾನಿನ ಹೆಸರೆತ್ತಿದರೆ ಮಾತ್ರ ಮಗು ಮುದುಡುತ್ತಿದ್ದರೆ, ಅದನ್ನು ಹಟವೆಂದು ಬಗೆಯಬೇಡಿ. ಶಾಲೆ ಬಿಟ್ಟ ಮೇಲೆ, ಮಗುವಿನ ಎದುರಿಗಲ್ಲದೆ, ಶಿಕ್ಷಕಿಯ ಜೊತೆ ಕೂತು ಮಾತಾಡಿ. ಮಗು ಎಲ್ಲಿ ಕೂರುತ್ತದೆ, ಯಾರ ಜೊತೆ ಉಣ್ಣುತ್ತದೆ, ಎಷ್ಟು ಹೊತ್ತಿಗೆ ಅಳು ಶುರುವಾಗುತ್ತದೆ ಎಂದು ಕೇಳಿ. ಊಟದ ಹೊತ್ತಿಗೆ ಅಂದರೆ ಊಟದಲ್ಲಿ, ಬಿಡುವಿನ ಹೊತ್ತಿಗೆ ಅಂದರೆ ಆಟದ ಬಯಲಿನಲ್ಲಿ ಅಥವಾ ಶೌಚಾಲಯದಲ್ಲಿ ಹುಡುಕಲು ಶುರುಮಾಡಬಹುದು. ಅಲ್ಲೂ ತಿಳಿಯದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ.